ಮರಿಗೊಂದು ಮನಿ ನೋಡೂದು

ಮಿರಜದಲ್ಲಿ ಮರಾಠಿ ಶಾಲೆ ಕಲಿತು ಮನೆಯೊಳಗೆ ಕನ್ನಡ ಆಡುವ ಕುಟುಂಬಗಳಿಗೆ ಕೊರತೆಯಿಲ್ಲ. ಇಲ್ಲಿ ಮಾತಾಡುವ ಇಬ್ಬರೂ ಅಂಥವರು. ಆಕೆ ಮಿರಜದ ಆಸ್ಪತ್ರೆಯೊಂದರಲ್ಲಿ ನರ್ಸ್. ಸಂಬಂಧದಲ್ಲಿ ಆಕೆಗೆ ಕಾಕಾ ಆಗುವ ಹಿರಿಯರು ಜತ್ತ ತಾಲೂಕಿನ ದನದ ದವಾಖಾನೆಗಳಲ್ಲಿ ವರ್ಷಾನುಗಟ್ಟಲೆ ದುಡಿದು, ಈಗ ಸಾಂಗ್ಲಿಯ ವಿಶ್ರಾಮಬಾಗದಲ್ಲಿ ಇದ್ದಾರೆ. ಮಾತು ಹೊಸದಾಗಿ ಕೊಂಡು ತಂದ ಒಂದು ಮುಧೋಳ ಹೆಣ್ಮರಿಯದು. ಅವರಾಡಿದ್ದನ್ನು ಅವರ ನುಡಿಯಲ್ಲೇ ಇಟ್ಟಿದ್ದೇನೆ.

ಆಕೆ: ಮರಿ ತಂದು ಇನ್ನೂ ತಿಂಗಳ ತುಂಬಿಲ್ಲ ಕಾಕಾ. ಈಗ ಕೊಡಾಕ ನಿಂತೇವಿ ಅಂದ್ರ ಮಂದಿ ಏನಂದಾರು?

ಕಾಕಾ: ಮಂದಿ ಮಾತು ಆಮ್ಯಾಲ ನೋಡೂಣು. ಮೊದಲ ನನಗ ಕಾರಣ ಹೇಳು. ಬೇಜಾರಾಗಿ ಕೊಡೂದು ಬ್ಯಾರೆ, ಆಗಲಾರದ್ದಕ್ಕ ಕೊಡೂದು ಬ್ಯಾರೆ.

ಆಕೆ: ತರೂವಾಗ ಅತ್ತಿಯವರು ಚಲೋ ಅಡ್ಡಾಡ್ತಿದ್ರು. ಮರಿ ಬಂದ ವಾರದಾಗ ಅವರು ಬಚ್ಚಲದಾಗ ಜಾರಿ ಬಿದ್ದು ತೊಡೀ ಎಲುಬು ಮುರಕೊಂಡ್ರು. ಆಪರೇಶನ್ ಆಗೈತಿ, ವಾಕರ್ ಹಿಡಕೊಂಡು ಒಂದೊಂದು ಹೆಜ್ಜಿ ಇಡಾಕ ಹತ್ಯಾರ. ಮರಿ ಅದೇ ವಾಕರಿನ ಕಾಲು ಕಡದು ಜಗ್ಗತೈತಿ. ನಂದು ಮೂರು ಪಾಳಿ ಡ್ಯೂಟಿ. ಇವರು ಕುಪವಾಡದ ಎಮ್‌ಐಡಿಸಿಗೆ ಮುಂಜಾನೆ ಹೋದ್ರ ಕತ್ತಲಾದ ಮ್ಯಾಲ ಬರ್ತಾರ. ಹುಡುಗ ಸಾಲಿಗೆ ಹೋಗ್ತಾನ. ಮತ್ತ ಕೆಳಗ ಮನಿ ಮಾಲಕರದು ಸಿತಾರ ಮಾಡೂ ಅಂಗಡಿ. ಪಂಢರಪುರ ಕಡಿಂದ ತಂದ ಒಣಗಿದ ಭೋಪಳಾ ಬುರುಡಿ ಗ್ವಾಡಿಗೆ ಹಚ್ಚಿ ಇಟ್ಟಿರ್ತಾರ. ಮೊನ್ನೆ ಒಂದರ ಅಂಚು ಕಡದು ಹಾಕೈತಿ. ಅವರು ಒಂದು ಮಾತೂ ಬೈಲಿಲ್ಲ. ಅದ ನನಗ ಜಾಸ್ತಿ ಹತ್ತಿತು.

ಕಾಕಾ: ಉಗಾರದಾಗ ನಿನ್ನ ತವರುಮನಿ ಐತೆಲ್ಲ, ಅತ್ತಿಯವರು ಚೇತರಿಸಿಕೊಳ್ಳೂ ತನಕ ಅಲ್ಲಿ ಇಟ್ಟು ಹೊಳ್ಳಿ ತರಾಕ ಬರೂದಿಲ್ಲೇನು?

ಆಕೆ: ಕೇಳಿದೆ. ಅಣ್ಣನ ಮನ್ಯಾಗ ಕೋಳಿ ಅದಾವ, ವೈನಿ ಬ್ಯಾಡ ಅಂದ್ರು. ಹೊಳ್ಳಿ ತಂದ್ರೂ ನನ್ನ ಪಾಳಿ ಬದಲಾಗೂದಿಲ್ಲಲ್ಲ. ಒಂಬತ್ತು ಹತ್ತು ತಾಸು ಕೋಣಿ ಒಳಗ ಹಾಕಿ ಬಾಗಲಾ ಮುಚ್ಚಿದ್ರ ಅದು ಒದರಿ ಒದರಿ ದನಿ ಹೋಗ್ತೈತಿ.

ಕಾಕಾ: ಹಂಗಾದ್ರ ಕೊಡೂದ ಚಲೋ. ಲಗೂ ಕೊಡೂದು ಇನ್ನೂ ಚಲೋ. ತಾ ಇಲ್ಲೆ, ಹಲ್ಲ ನೋಡೂನು. ಹಾಂ, ತುಟಿ ಎತ್ತಿ ಹಿಡಿ... ನೋಡವಾ, ಮುಂದಿನ ಸಣ್ಣ ಹಲ್ಲು, ಕೋರಿಹಲ್ಲು, ಹಿಂದಿನವು ಎಲ್ಲಾ ಹಾಲಹಲ್ಲು. ಸೂಜಿ ಹಂಗ ಚುಚ್ಚತಾವ. ಪೂರ್ತಿ 28 ಬಂದ್ರ ಎರಡು ತಿಂಗಳ ಆದಂಗ. ಮೂರೂವರಿ ನಾಲ್ಕು ತಿಂಗಳಿಗೆ ಮುಂದಿನವು ಬೀಳಾಕ ಶುರು ಆಗ್ತಾವ. ಇದರದು ಕಟ್ಟಕಡೀ ದವಡಿ ಹಲ್ಲು ಈಗ ಈಗ ಮ್ಯಾಲ ಬಂದಾವ. ಮಾರಿದಾವ ಎಷ್ಟು ದಿನದ ಮರಿ ಅಂದಿದ್ದ?

ಆಕೆ: ತಂದಾಗ ಅರವತ್ತು ದಿನ ಆಗೈತಿ ಅಂದಿದ್ದ.

ಕಾಕಾ: ಅಷ್ಟು ಇರಲಿಕ್ಕಿಲ್ಲ. ಐದು ವಾರದ ಮ್ಯಾಲ ಒಂದಿಷ್ಟು ದಿನ ಇದ್ದಿರಬೇಕು. ತಾಯಿ ಕೂಡ, ಒಡಹುಟ್ಟಿದ ಮರಿಗೋಳ ಕೂಡ ಕಡದಾಡಿ ಆಡೂ ಟೈಮಿನಾಗ ಎತ್ತಿಕೊಂಡು ಬಂದಾರ. ಎಷ್ಟು ಬಲವಾಗಿ ಕಡದ್ರ ಎದುರಿನದಕ್ಕ ನೋವಾಗ್ತೈತಿ ಅನ್ನೂದು ಮರಿ ಅಲ್ಲೇ ಕಲೀತೈತಿ. ಇದು ಕಲಿಯೂದ್ರಾಗ ಇಲ್ಲಿಗೆ ಬಂದೈತಿ. ಅತ್ತಿಯವರ ವಾಕರ್ ಬಿಡವಲ್ದು ಅಂದ್ರ ಅದರ ತಪ್ಪಲ್ಲ.

ಆಕೆ: ಅದಕ್ಕೇನರ ಕಾಯ್ದೆ ಇಲ್ಲೇನ್ರಿ?

ಕಾಕಾ: ಐತಿ. 2017ರಾಗ ಕೇಂದ್ರ ಸರಕಾರ ನಾಯಿ ತಳಿ ಮಾಡಿ ಮಾರೋರಿಗೆ ನೇಮ ಮಾಡೈತಿ. ಎಂಟು ವಾರ ಆಗದ ಮರಿ ಮಾರೂವಂಗಿಲ್ಲ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಾಗ ನೋಂದಣಿ ಇರಬೇಕು. ಏನು ತಿನ್ನಸಬೇಕು, ಯಾವ ಲಸಿಕೆ ಆಗೈತಿ, ಜಂತಿನ ಔಷಧ ಯಾವಾಗ ಕೊಟ್ಟೇವಿ ಅಂತ ಕೊಂಡವರಿಗೆ ಬರೆದು ಕೊಡಬೇಕು. ನಿಮಗೇನು ಕೊಟ್ಟ?

ಆಕೆ: ಒಂದು ಹಳದಿ ಕಾರ್ಡು. ಅದರಾಗ ಒಂದು ಲಸಿಕೆಯ ಚೀಟಿ ಹಚ್ಚೈತಿ. ಡಾಕ್ಟರ್ ಸಹಿ ಇಲ್ಲ.

ಕಾಕಾ: ಸಹಿ ಇಲ್ಲದ ಲಸಿಕೆ ಆಗೇ ಇಲ್ಲ ಅಂತ ತಿಳಕೋ. ಮೊದಲನೇದರಿಂದ ಹಾಕಸು. ಆದ್ರ ಅದಕಿಂತ ಮೊದಲ ಮಾರಿದಾವಗ ಒಂದು ಫೋನ್ ಮಾಡು. ಜಗಳಕ್ಕಲ್ಲ. ಮುಧೋಳ ಕಡೆ ಹಟ್ಟಿಯೊಳಗ ಪೀಳಗಿಯಿಂದ ಪೀಳಗಿಗೆ ನಾಯಿ ಸಾಕಿದ ಮನಿಗೋಳು ಅದಾವ. ಅಂಥವರು ತಮ್ಮ ಮರಿ ಹೊಳ್ಳಿ ಬಂದ್ರ ಬ್ಯಾಡ ಅನ್ನೂದಿಲ್ಲ, ಒಮ್ಮೊಮ್ಮೆ ಮರಿ ಕೇಳಿಟ್ಟ ಚಲೋ ಗಿರಾಕಿ ಅವರ ಕಡೇನ ಇರ್ತಾರ. ಒಪ್ಪಿದ್ರ ರೊಕ್ಕದ ಮಾತು ಕಡೀಕ ಇಟ್ಟು ಮರಿ ಮುಟ್ಟಿಸಿ ಬಾ.

ಆಕೆ: ಫೋನ್ ಮಾಡೇವ್ರಿ. ಒಮ್ಮೆ ಒಯ್ದ ಮ್ಯಾಲ ನಮಗ ಸಂಬಂಧಿಲ್ಲ ಅಂದ. ತನ್ನ ಹಂತೇಲೆ ಇನ್ನೂ ಮರಿ ಅದಾವ, ಬೇಕಾದ್ರ ಜೋಡಿಗೆ ಗಂಡುಮರಿ ಒಯ್ಯಿರಿ ಅಂದ.

ಕಾಕಾ: ಹ್ಞಂ. ಅಂಥವರು ಈಗ ಬಾಳ ಆಗ್ಯಾರ. ನಾನು ನೌಕರಿಗೆ ಸೇರಿದ ಕಾಲಕ್ಕ ಈ ನಾಯಿಗೆ ಇಷ್ಟು ಹೆಸರಿರಲಿಲ್ಲ. ಜತ್ತ, ಆಟಪಾಡಿ ಕಡೆ ಕುರುಬರ, ಧನಗರ ಹಟ್ಟಿಯೊಳಗ ಕಾರವಾನಿ ಅಂತ ಸಾಕ್ತಿದ್ರು. ಮುಧೋಳ ಸಂಸ್ಥಾನದ ಘೋರ್ಪಡೆ ರಾಜರು ಈ ತಳಿ ಕಾಯ್ದ್ರು, ಮಾಲೋಜಿರಾವ್ ರಾಜರು ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಒಂದು ಜೋಡಿ ಕೊಟ್ರು ಅಂತ ಆ ಕಡೆ ಎಲ್ಲಾರೂ ಹೇಳ್ತಾರ. 2005ರಾಗ ಅಂಚೆ ಇಲಾಖೆ ಇದರ ಚಿತ್ರದ ಸ್ಟಾಂಪ್ ತಂತು. ಮುಧೋಳ ಹತ್ರ ತಿಮ್ಮಾಪುರದಾಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದು ಒಂದು ಶ್ವಾನ ಸಂಶೋಧನಾ ಕೇಂದ್ರ ಆತು. ಸೈನ್ಯದವರು ಮೀರತ್‌ಗೆ ಮರಿ ಒಯ್ದು ತಾಲೀಮು ಕೊಟ್ರು. 2020ರ ಆಗಸ್ಟಿನಾಗ ಪ್ರಧಾನಿಯವರು ‘ಮನ್ ಕಿ ಬಾತ್’ನಾಗ ಹೆಸರು ತಗೊಂಡ್ರು ನೋಡು, ಅಲ್ಲಿಂದ ಊರಿಗೊಬ್ಬ ಮಾರಾವ ಹುಟ್ಟಿಕೊಂಡ. ಹೆಸರು ಬಂದದ್ದು ತಳಿಗೆ ಒಳ್ಳೇದಾತು, ಖರೆ. ಆದ್ರ ಬಯಲಿನಾಗ ಓಡಾಕ ಹುಟ್ಟಿದ ನಾಯಿ ಎರಡು ಖೋಲಿಯ ಮನಿ ಸೇರಾಕ ಹತ್ತೈತಿ, ಅದು ನನಗ ಸಂಕಟ. ವರ್ಷ ತುಂಬೂದ್ರಾಗ ಇದು ನಿನ್ನ ತೊಡಿ ಮಟ್ಟ ನಿಲ್ಲತೈತಿ. ದಿನಾ ಬಿಟ್ಟು ಓಡಿಸದಿದ್ರ ಅದರ ಕಾಲೂ ಕೆಡ್ತಾವ, ಸ್ವಭಾವನೂ ಕೆಡ್ತೈತಿ.

ಆಕೆ: ಲಗೂ ಕೊಡೂದು ಚಲೋ ಅಂದ್ರಿ. ಸ್ವಲ್ಪ ದೊಡ್ಡದಾದ ಮ್ಯಾಲ ಕೊಟ್ರ ಗಟ್ಟಿ ಇರ್ತೈತಿ ಅಂತ ಇವರು ಅಂತಾರಲ್ಲ?

ಕಾಕಾ: ಮೈ ಗಟ್ಟಿ ಆಗ್ತೈತಿ, ಮನಸು ಮುಚ್ಚತೈತಿ. ಮೂರು ವಾರದಿಂದ ಹನ್ನೆರಡು ಹದಿನಾಲ್ಕು ವಾರದ ತನಕ ಮರಿ ಯಾರನ್ನ ನೋಡ್ತೈತಿ, ಯಾವ ಸಪ್ಪಳ ಕೇಳ್ತೈತಿ, ಅವೆಲ್ಲಾ ನಮ್ಮವು ಅಂತ ಒಪ್ಪಿಕೊಳ್ತೈತಿ. ಆಮ್ಯಾಲ ಹೊಸದು ಅಂದ್ರ ಅಂಜಿಕಿ. ಮುಧೋಳ ಜಾತಿ ಮೊದಲ ಹೊರಗಿನವರು ಮೈ ಮುಟ್ಟಿದ್ರ ಸೇರದ ನಾಯಿ. ನಾಲ್ಕೈದು ವಾರ ಐತಿ ನಿನ್ನ ಕೈಯಾಗ. ಅಷ್ಟರಾಗ ಹೊಸ ಮನಿ ಸಿಕ್ರ ಇದು ಅಲ್ಲೀದ ಆಗಿ ಬಿಡ್ತೈತಿ, ನಿಮ್ಮನ್ನ ಮರೀತೈತಿ ಕೂಡ. ಅದರಾಗ ಬ್ಯಾಸರ ಮಾಡಕೋಬಾರದು.

ಆಕೆ: ಕೇಳಿದವರು ಮೂರು ಮಂದಿ ಅದಾರ. ಜತ್ತ ಕಡೆಯವ ಒಬ್ಬ ಫೋಟೋ ನೋಡಿ ನಾವು ಕೊಟ್ಟದ್ದಕ್ಕಿಂತ ಜಾಸ್ತಿ ಕೊಡ್ತೇನಿ ಅಂದ. ನಾವು ಕೊಟ್ಟದ್ದು 12,000. ಅವ 15,000 ಅಂತಾನ.

ಕಾಕಾ: ಯಾಕ ಬೇಕಂತ?

ಆಕೆ: ಕೇಳಿದೆ. ಹೆಣ್ಮರಿ ಹೌದಲ್ಲ ಅಂತ ಎರಡೆರಡು ಸಲ ಕೇಳಿದ. ಹಿಂದಿನ ನಾಯಿ ಮೊಲಕ್ಕ ಚಲೋ ಇತ್ತು, ಅದು ಸತ್ತಿತು ಅಂದ.

ಕಾಕಾ: ಸಾಕು. ಮೊಲದ ಬ್ಯಾಟಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗುನ್ಹೆ. ನಾಯಿ ಮುಳ್ಳುತಂತಿಗೆ ಸಿಕ್ಕು ಹರಕೊಂಡು ಬಂದದ್ದನ್ನ ನಾನು ಎಷ್ಟು ಹೊಲದಿದ್ದೇನಿ. ಹೊಟ್ಟಿ ತೆರದು ಬಂದಿರ್ತಿತ್ತು. ಮತ್ತ ಹೆಣ್ಣು ಅಂತ ಎರಡು ಸಲ ಕೇಳಿದಾವ ಸೂಲಿನ ಮ್ಯಾಲ ಸೂಲು ಮರಿ ಹಾಕಿಸಿ ಮಾರಾವ. ಜಾಸ್ತಿ ರೊಕ್ಕ ಕೊಡ್ತೇನಿ ಅಂದಾಗ ಆ ರೊಕ್ಕ ಎಲ್ಲಿಂದ ಹೊಳ್ಳಿ ತಗೋತಾನ ಅನ್ನೂದನ್ನ ವಿಚಾರ ಮಾಡಬೇಕು. ಮರಿ ಮೈಯಿಂದನ ತಗೋತಾನ. ಬ್ಯಾಡ ಅಂತ ಇವತ್ತ ಹೇಳಿಬಿಡು.

ಆಕೆ: ಇನ್ನೊಬ್ಬ ಪುಣೆದಾಗ ಕಂಪ್ಯೂಟರ್ ಕೆಲಸದ ಹುಡುಗ. ಒಳ್ಳೇ ಹುಡುಗನ್ರಿ, ಮಾತು ಮೆತ್ತಗ ಅದಾವ. ಮಿರಜ ಜಂಕ್ಷನ್‌ನಿಂದ ರೈಲಿಗೆ ಹಾಕಿ ಕಳಸ್ರಿ, ನಾ ಪುಣೆ ಸ್ಟೇಶನ್ನಿನಾಗ ಇಳಿಸಿಕೋತೇನಿ ಅಂದ.

ಕಾಕಾ: ಹುಡುಗ ಒಳ್ಳೆಯಾವ ಇರಬಹುದು. ಆದ್ರ ಗಾರ್ಡಿನ ಡಬ್ಬಿಯ ನಾಯಿಗೂಡಿನಾಗ ಈ ಸಣ್ಣ ಮರಿ ಒಂಟಿಯಾಗಿ ಕಳಸೂದು ಬ್ಯಾಡ. ಲಸಿಕೆ ಮುಗಿದಿಲ್ಲ, ಆ ಗೂಡಿನಾಗ ಹಿಂದ ಯಾವ ನಾಯಿ ಇತ್ತೋ. ನಾಯಿ ಬೇಕಾದಾವ ಒಂದು ಸಲ ಮಿರಜಕ್ಕ ಬಂದು ಮರಿ ಸಂಗಟ ಒಂದು ತಾಸು ಕೂತು ಹೋಗಲಿ. ಅಷ್ಟು ಬಿಡುವಿಲ್ಲದಾವಗ ದಿನಾ ಓಡಿಸಾಕ ಬಿಡುವು ಎಲ್ಲಿಂದ ಬರಬೇಕು?

ಆಕೆ: ಮೂರನೇದು ತಾಸಗಾಂವ ಹತ್ರ ದ್ರಾಕ್ಷಿ ತ್ವಾಟದವರು. ನಮ್ಮ ವಾರ್ಡಿನಾಗ ಅವರ ಅಜ್ಜಿ ಇದ್ರು, ಹಂಗ ಪರಿಚಯ. ತ್ವಾಟದಾಗ ಮನಿ, ನಾಲ್ಕೂ ಕಡೆ ಜಾಳಿಗಿ ಐತಿ, ಯಾವಾಗಲೂ ಯಾರರ ಮನ್ಯಾಗ ಇರ್ತಾರ. ಹಿಂದಿನ ನಾಯಿ ಹನ್ನೆರಡು ವರ್ಷ ಬಾಳಿ ಹೋತಂತ.

ಕಾಕಾ: ಹನ್ನೆರಡು ವರ್ಷ ಒಂದ ನಾಯಿ ಸಾಕಿದ ಮನಿ ಅಂದ್ರ ಅದ ದೊಡ್ಡ ಸರ್ಟಿಫಿಕೇಟ್. ಹಿಂದಿನ ನಾಯಿ ಏನಾತು ಅಂತ ಕೇಳಿದ್ರ ಅರ್ಧ ಉತ್ತರ ಅಲ್ಲೇ ಸಿಗತೈತಿ. ‘ಓಡಿಹೋತು, ಗಾಡಿಗೆ ಸಿಕ್ಕಿತು, ಯಾರಿಗೋ ಕೊಟ್ವಿ’ ಅಂತ ಮೂರು ನಾಯಿ ಲೆಕ್ಕ ಹೇಳಿದವರ ಮನಿಗೆ ನಾಲ್ಕನೇದು ಕೊಡಬಾರದು. ಆದ್ರ ದ್ರಾಕ್ಷಿ ತ್ವಾಟ ಅಂದ್ಯಲ್ಲ, ಬೇದಾಣಿ ಮಾಡ್ತಾರೇನು?

ಆಕೆ: ಮಾಡ್ತಾರ. ಶೆಡ್ ಮನಿ ಹಿಂದ ಐತಿ. ಯಾಕ್ರಿ?

ಕಾಕಾ: ದ್ರಾಕ್ಷಿ ನಾಯಿಗೆ ವಿಷ ಆಗ್ತೈತಿ. ಒಣದ್ರಾಕ್ಷಿ ಇನ್ನೂ ಕೆಟ್ಟದ್ದು, ನೀರು ಹೋಗಿ ಎಲ್ಲಾ ಒತ್ತಾಗಿ ಉಳದಿರ್ತೈತಲ್ಲ. ಒಂದು ನಾಯಿ ಹಿಡಿ ತಿಂದು ಸುಮ್ಮನಿರ್ತೈತಿ, ಇನ್ನೊಂದು ನಾಲ್ಕು ಕಾಳಿಗೆ ವಾಂತಿ ಮಾಡಿ, ಎರಡು ಮೂರು ದಿನದಾಗ ಉಚ್ಚಿ ನಿಂತು, ಕಿಡ್ನಿ ಕೆಟ್ಟು ಸಾಯ್ತೈತಿ. ಇಷ್ಟು ತಿಂದ್ರ ನಡೀತೈತಿ ಅನ್ನೂ ಅಳತಿ ಯಾರಿಗೂ ಗೊತ್ತಿಲ್ಲ. ಹಣ್ಣಿನೊಳಗಿನ ಟಾರ್ಟಾರಿಕ್ ಆಸಿಡ್ ಇದಕ್ಕ ಕಾರಣ ಇರಬೇಕು ಅಂತ ಈಗಿನ ಡಾಕ್ಟರು ಅಂತಾರ. ಸಾಂಗ್ಲಿ ಜಿಲ್ಲಾದಾಗ ಇಷ್ಟು ಬೇದಾಣಿ ಆಗ್ತೈತಿ, ಇದು ಗೊತ್ತಿದ್ದವರು ಕಮ್ಮಿ. ನಾಯಿಗೆ ಪ್ರಸಾದ ಅಂತ ಕೈಯಾರೆ ತಿನ್ನಸ್ತಾರ.

ಆಕೆ: ಹಂಗಾದ್ರ ಅಲ್ಲೂ ಬ್ಯಾಡಾ?

ಕಾಕಾ: ಹಂಗಲ್ಲ. ಅವರಿಗೆ ಎದುರಾ ಎದುರು ಹೇಳು. ಶೆಡ್ಡಿಗೆ ಬಾಗಲಾ ಇರಲಿ, ಕಾಳು ಉದುರೂ ದಿನದಾಗ ನಾಯಿ ಕಟ್ಟಿರಲಿ, ಔಷಧ ಹೊಡದ ದಿನ ಸಾಲಿನಾಗ ಬಿಡಬ್ಯಾಡ್ರಿ ಅನ್ನು. ಹೇಳಿದಾಗ ಅವರು ಏನಂತಾರ ನೋಡು. ‘ಹೌದಾ, ಮತ್ತೇನು ಕಾಳಜಿ ತಗೋಬೇಕು?’ ಅಂತ ಕೇಳಿದ್ರ ಕಣ್ಣು ಮುಚ್ಚಿ ಕೊಡು. ‘ನಮ್ಮ ನಾಯಿಗೆ ಏನೂ ಆಗೂದಿಲ್ಲ’ ಅಂದ್ರ ಮರಿ ಎತ್ತಿಕೊಂಡು ಮನಿಗೆ ಬಾ.

ಇಲ್ಲಿ ನನ್ನದೊಂದು ಮಾತು ಸೇರಿಸಬೇಕು. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಈಡಾಗುವಂತೆ ತಕ್ಕ ಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅಪರಾಧ. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಆ ಅಂಕಿ ಹಾಗೆಯೇ ನಿಂತಿದೆ. ರೈಲು ನಿಲ್ದಾಣದ ಹೊರಗೆ, ಮಾರುಕಟ್ಟೆಯ ಹಿಂದೆ ಕೊರಳಪಟ್ಟಿಯ ಗುರುತು ಇನ್ನೂ ಮಾಸದ ಜಾತಿನಾಯಿಗಳು ಎಂಜಲೆಲೆ ಮೂಸುವುದನ್ನು ಕಂಡವರಿಗೆ ಈ ಐವತ್ತು ರೂಪಾಯಿ ಅವಮಾನದಂತೆ ಕಾಣುತ್ತದೆ. ಕಾಯ್ದೆಯ ಭಯ ಇಷ್ಟೇ ಇರುವಾಗ ಮರಿಯ ಗತಿ ಪೂರ್ತಿಯಾಗಿ ಕೊಡುವವರ ಕೈಯಲ್ಲೇ ಇದೆ. ಅದಕ್ಕೇ ಕಾಕಾ ಅವರ ಪ್ರಶ್ನೆಗಳು ನನಗೆ ಮುಖ್ಯವೆನಿಸಿದವು.

ಆಕೆ: ಕೊಡೂದ್ರಾಗ ಲಸಿಕೆ ಎಲ್ಲಾ ಮುಗಿಸಬೇಕೇನ್ರಿ?

ಕಾಕಾ: ಎಲ್ಲಾ ಮುಗಿಯೂದು ಹದಿನಾರು ವಾರಕ್ಕ, ಅಷ್ಟು ಕಾಯಾಕ ಬರೂದಿಲ್ಲ. ನಾಳೆ ಸರಕಾರಿ ದವಾಖಾನಿಗೆ ಒಯ್ದು ಜಂತಿನ ಔಷಧ ಕೊಡಸು, ಪಾರ್ವೋ ಡಿಸ್ಟೆಂಪರ್ ಲಸಿಕೆ ಮೊದಲಿಂದ ಶುರು ಮಾಡಸು. ಅದಾದ ಮ್ಯಾಲ ಒಂದು ಹತ್ತು ದಿನ ನಿಮ್ಮಲ್ಲೇ ಇರಲಿ. ಪಾರ್ವೋ ಮೈಯಾಗ ಹೊಕ್ಕಿದ್ರ ಒಂದು ವಾರದಾಗ ವಾಂತಿ, ರಕ್ತಬೇಧಿ ಆಗಿ ತೋರಸ್ತೈತಿ. ಜಡ್ಡಿನ ಮರಿ ಕೊಟ್ಟು ಆ ಮನಿಯವರನ್ನ ದವಾಖಾನಿಗೆ ಅಲೆದಾಡಸೂದು ಮೋಸ. ಮುಂದಿನ ಡೋಸು ಯಾವ ತಾರೀಖಿಗೆ, ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಯಾವಾಗ, ಕಾರ್ಡಿನಾಗ ಡಾಕ್ಟರ ಕೈಲೆ ಬರಸು, ಸಹಿ ಹಾಕಸು. ಆ ಮನ್ಯಾಗ ಹೋದ ಆರು ತಿಂಗಳದಾಗ ಯಾವುದಾದ್ರೂ ಮರಿ ರಕ್ತಬೇಧಿಯಾಗಿ ಸತ್ತಿತ್ತೇನು ಅಂತನೂ ಕೇಳು. ಆ ವಿಷಾಣು ಮಣ್ಣಿನಾಗ ತಿಂಗಳುಗಟ್ಟಲೆ ಜೀವ ಹಿಡಕೊಂಡಿರ್ತೈತಿ.

ಆಕೆ: ಅವರ ಹೊಲ ಹೊಳಿ ಹತ್ರ ಇಲ್ಲ, ಅದೊಂದು ಸಮಾಧಾನ.

ಕಾಕಾ: ಹೌದು, ಅದನ್ನೂ ಕೇಳಬೇಕಾದ್ದ. 2019ರ ಆಗಸ್ಟಿನಾಗ ಐರ್ವಿನ್ ಪೂಲಿನ ಹಂತೇಲೆ ಕೃಷ್ಣಾ 57 ಅಡಿ ಮುಟ್ಟಿತ್ತು. 45 ಅಡಿಗೇ ಅಪಾಯದ ಗೆರಿ ಐತಿ. ಮಂದಿ ಬೋಟಿನಾಗ ಹೋದ್ರು, ಸರಪಳಿ ಬಿಚ್ಚಾಕ ಟೈಮ್ ಸಿಗದ ನಾಯಿ, ದನ ಅಲ್ಲೇ ಉಳದು. 2021ಕ್ಕ ಮತ್ತ ನೀರು ಬಂತು. ಸಾಂಗ್ಲಿ ಗಾವಠಾಣದಾಗ ಕೊಡೂದಾಗಿದ್ರ ‘ಮಹಾಪೂರ ಬಂದ್ರ ನಾಯಿ ಎಲ್ಲಿ ಒಯ್ತೀರಿ?’ ಅನ್ನೂದು ನನ್ನ ಮೊದಲನೇ ಪ್ರಶ್ನಿ ಆಗ್ತಿತ್ತು.

ಆಕೆ: ರೊಕ್ಕದ್ದು ಹ್ಯಾಂಗ್ರಿ? ಇವರಿಗೆ ಕೊಟ್ಟಷ್ಟಾದ್ರೂ ಬರಲಿ ಅಂತ ಐತಿ. ನನಗ ಪುಕ್ಕಟ ಕೊಟ್ರ ಸಾಕು ಅನಸ್ತೈತಿ.

ಕಾಕಾ: ಪರಿಚಯ ಇಲ್ಲದವರಿಗೆ ಪುಕ್ಕಟ ಅಂತ ಹೇಳೂದ ಬ್ಯಾಡ. ಪುಕ್ಕಟ ಅಂದ ಕೂಡಲೆ ಬ್ಯಾಡಾದವರೂ ಬರ್ತಾರ, ಹೆಣ್ಮರಿ ಅಂದ್ರ ತಳಿ ಮಾಡಿ ಮಾರೋರು ಮುಂದ ನಿಲ್ತಾರ. ಈ ಮನಿ ಮಂದಿ ಗೊತ್ತಿನವರು. ಲಸಿಕೆ, ಔಷಧದ ಖರ್ಚು ತಗೋ, ಮ್ಯಾಲ ಅವರು ಮನಸ್ಸಿನಿಂದ ಕೊಟ್ಟಷ್ಟು. ಕೊಂಡ ರೇಟಿಗಿಂತ ಒಂದು ರೂಪಾಯಿ ಜಾಸ್ತಿ ಬ್ಯಾಡ. ಮೊದಲನೇ ವಾರದಾಗ ಹೊಂದದಿದ್ರ ಆ ರೊಕ್ಕ ಹೊಳ್ಳಿ ಕೊಡಾಕ ತೆಗೆದಿಡು, ಖರ್ಚು ಮಾಡಬ್ಯಾಡ.

ಆಕೆ: ಕಾಗದ ಏನರ ಮಾಡಬೇಕಾ?

ಕಾಕಾ: ಒಂದು ಹಾಳಿ ಸಾಕು, ಅವರಿಗೆ ಓದಾಕ ಬರೂವಂಗ ಮರಾಠಿಯಾಗ ಬರಿ. ತಾರೀಖು, ಎರಡೂ ಮನಿಯವರ ಸಹಿ, ಮರಿ ಬಣ್ಣ, ಗುರುತು. ಮುಂದ ಎಂದರ ಸಾಕಾಕ ಆಗದಿದ್ರ ಬ್ಯಾರೆಯವರಿಗೆ ಕೊಡೂದ್ರ ಮೊದಲ ನಮಗ ಹೇಳಬೇಕು ಅಂತ ಒಂದು ಸಾಲು. ಮರಿ ಹಾಕಸೂದಿಲ್ಲ, ವಯಸ್ಸಿಗೆ ಬಂದ ಮ್ಯಾಲ ಆಪರೇಶನ್ ಮಾಡಸ್ತೇವಿ ಅಂತ ಇನ್ನೊಂದು. ಆ ಆಪರೇಶನ್ನಿನ ಡಾಕ್ಟರಿಗೆ ಇದು ಮುಧೋಳ ಜಾತಿ ಅಂತ ನೆನಪಿಲೆ ಹೇಳಾಕ ಹೇಳು. ಮೈಯಾಗ ಕೊಬ್ಬು ಇಲ್ಲದ ಈ ಓಟದ ನಾಯಿಗೋಳಿಗೆ ಥಯೋಪೆಂಟಾಲ್‌ದಂಥ ಭೂಲು ಔಷಧ ಲಗೂ ಇಳಿಯೂದಿಲ್ಲ, ಬ್ಯಾರೆ ಔಷಧ ಹಾಕಬೇಕಾಗ್ತೈತಿ. ಕೆನಲ್ ಕ್ಲಬ್ಬಿನ ಕಾಗದ ಏನರ ಬಂದಿದ್ರ ಹೆಸರು ಬದಲಿ ಮಾಡಿಕೊಡು.

ಆಕೆ: ಅದ್ಯಾವುದೂ ಬಂದಿಲ್ರಿ. ಹುಡುಗನ್ನ ಏನು ಮಾಡ್ಲಿ ಕಾಕಾ? ಅವಗ ಇನ್ನೂ ಹೇಳಿಲ್ಲ. ಸಾಲಿಗೆ ಹೋದಾಗ ಕೊಟ್ಟು, ಮರಿ ಓಡಿಹೋತು ಅಂತ ಹೇಳೂನು ಅಂತಾರ ಇವರು.

ಕಾಕಾ: ಬ್ಯಾಡವಾ, ಬ್ಯಾಡ. ಓಡಿಹೋತು ಅಂದ್ರ ಅವ ದಿನಾ ಸಂಜೀಕ ಓಣಿ ಓಣಿ ಹುಡಕತಾನ. ಅತ್ತಿಯವರ ಕಾಲು, ನಿನ್ನ ಪಾಳಿ, ಎಲ್ಲಾ ಅವನ ಮುಂದ ಹೇಳು. ಎಂಟು ವರ್ಷದ ಹುಡುಗಗ ತಿಳೀತೈತಿ, ಅಳ್ತಾನ, ಅಳಲಿ. ತ್ವಾಟ ನೋಡಾಕ ಹೋಗೂವಾಗ ಅವನ್ನ ಕರಕೊಂಡು ಹೋಗು. ಯಾವ ಸಪ್ಪಳಕ್ಕ ಅಂಜತೈತಿ, ರಾತ್ರಿ ಎಲ್ಲಿ ಮಲಗತೈತಿ, ಎಲ್ಲಿ ಕೆರದ್ರ ಸುಖ ಅಂತ ಅವನ ಕೈಲೆ ಬರಸು. ಅದು ನಿಮಗಿಂತ ಅವಗ ಜಾಸ್ತಿ ಗೊತ್ತಿರ್ತೈತಿ.

ಆಕೆ: ಗೊತ್ತೈತಿ ಬಿಡ್ರಿ. ಕುಕ್ಕರ್ ಶೀಟಿ ಹೊಡದ್ರ ಕಾಟಿನ ಕೆಳಗ ಹೋಗ್ತೈತಿ, ಮೊದಲ ಅವನ ಕಂಡಿದ್ದ.

ಕಾಕಾ: ಹಾಂ, ಅಂಥವ ಬೇಕು. ಈಗ ಏನು ತಿನ್ನಸ್ತೀರಿ?

ಆಕೆ: ನಾಲ್ಕು ಸಲ. ಜೋಳದ ನುಚ್ಚು ಮೆತ್ತಗ ಕುದಿಸಿ, ಮೊಸರು, ಒಂದು ತತ್ತಿ. ಅವರು ಡಾಗ್‌ಫುಡ್ ಹಾಕ್ತಾರಂತ.

ಕಾಕಾ: ಒಮ್ಮೆಲೆ ಬದಲಿಸಿದ್ರ ಬೇಧಿ ಹತ್ತೈತಿ. ಒಂದು ವಾರದ ನುಚ್ಚು ಕಟ್ಟಿ ಕೊಡು, ದಿನಾ ಇದು ಸ್ವಲ್ಪ ಕಮ್ಮಿ ಅದು ಸ್ವಲ್ಪ ಜಾಸ್ತಿ ಮಾಡಿಕೋತ ಹೋಗಲಿ. ಮಲಗೂ ಗೋಣಿ, ಹಾಸಿಗಿ ಏನೈತಿ ಅದನ್ನ ತೊಳೀದ ಹಂಗ ಕೊಡು, ವಾಸನಿ ಗುರ್ತು ಸಿಗತೈತಿ. ಮೊದಲನೇ ರಾತ್ರಿ ಒಂಟಿ ಕಟ್ಟಬ್ಯಾಡ್ರಿ, ಯಾರರ ಹತ್ರ ಮಲಗ್ರಿ ಅನ್ನು.

ಆಕೆ: ಕೊಟ್ಟ ಮ್ಯಾಲ ಫೋನ್ ಮಾಡಿದ್ರ ಅವರಿಗೆ ತ್ರಾಸ ಅನಿಸೂದಿಲ್ಲೇನು?

ಕಾಕಾ: ಮೂರು ದಿನಕ್ಕೊಮ್ಮೆ, ಆಮ್ಯಾಲ ತಿಂಗಳಿಗೊಮ್ಮೆ. ಮೊದಲ ಕೇಳಿಟ್ಟಿರು, ‘ಫೋನ್ ಮಾಡಿದ್ರ ನಡೀತೈತೇನ್ರಿ’ ಅಂತ. ನಡೆಯೂದಿಲ್ಲ ಅಂದವರಿಗೆ ಕೊಡಬಾರದು. ಮತ್ತ ನಾಳೆ ದವಾಖಾನಿಗೆ ಹೋಗೂವಾಗ ಮರಿ ನೆಲಕ್ಕ ಬಿಡಬ್ಯಾಡ, ಬ್ಯಾರೆ ನಾಯಿ ಅಡ್ಡಾಡಿದ ಜಾಗಾ ಅದು. ಬುಟ್ಟಿಯೊಳಗ ಇಟ್ಟುಕೊಂಡು ಕೂಡು. ಹತ್ತರೊಳಗ ಬಾ, ನಾನೂ ಅಲ್ಲಿರ್ತೇನಿ.